ರೊಟ್ಟಿಗೆ ಹಚ್ಚಿದ ಸ್ಕ್ರೂಗೇಜು

ವಿದ್ಯಾರ್ಥಿನಿಯರ ವಸತಿ ನಿಲಯ, ಬಸವನ ಬಾಗೇವಾಡಿ
೨೦ ಜುಲೈ ೨೦೨೫, ರವಿವಾರ

ಶ್ರೀಮದ್ರಾಜಾಧಿರಾಜ, ತಾಂಬಾ ಗ್ರಾಮದ ಹಿಟ್ಟಿನ ಗಿರಣಿ ಸಿಂಹಾಸನಾಧೀಶ್ವರ, ಹತ್ತು ಎಚ್‌ಪಿ ಮೋಟಾರಿನ ಏಕಮೇವ ಒಡೆಯ, ಜೋಳ-ಗೋಧಿ-ಕಡಲೆ ತ್ರಿಲೋಕ ಚೂರ್ಣಕರ್ತ ಶ್ರೀ ಶ್ರೀ ಶ್ರೀ ಗುರಣ್ಣನವರ ಹಿಟ್ಟು ಮೆತ್ತಿದ ಪಾದಗಳಿಗೆ, ಅವರ ಏಕೈಕ ಪುತ್ರಿಯೂ, ಪಿಯು ಮೊದಲ ವರ್ಷ ವಿಜ್ಞಾನದ ವಿದ್ಯಾರ್ಥಿನಿಯೂ, ಹಾಸ್ಟೆಲ್ಲಿನಿಂದ ಪರಾರಿಯಾಗಿ ಮರಳಿ ಸಿಕ್ಕಿಬಿದ್ದ ಕೈದಿಯೂ ಆದ ಕಾವೇರಿ ಸಾಷ್ಟಾಂಗ ಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ.

ಅಪ್ಪಾ, ನೀವು ನನ್ನನ್ನು ಗೇಟಿನ ತನಕ ತಂದು ಬಿಟ್ಟು, ಒಂದು ಮಾತೂ ಆಡದೆ, ಬೆನ್ನ ಮೇಲೆ ಬರೀ ಹಿಟ್ಟಿನ ಅಂಗೈ ಗುರುತು ಒತ್ತಿ ಹೋದಿರಿ. ಒಳಗೆ ಬಂದರೆ ವಾರ್ಡನ್ ಜಾನಕಿಬಾಯಿಯವರು ಕಾಯುತ್ತಿದ್ದರು. “ಇದು ಮೊದಲನೇದ್ದು ಅಂತ ಬಿಟ್ಟೇನಿ. ಇನ್ನೊಮ್ಮೆ ಹೇಳದ ಕೇಳದ ಮನಿಗೆ ಓಡಿದಿ ಅಂದ್ರ, ನಿನ್ನ ಟ್ರಂಕು ನಿನ್ನ ಹಿಂದಿನ ಬಸ್ಸಿಗೇ ಬರ್ತದ. ಈ ಸೀಟಿಗೆ ಕಾಯ್ಕೋತ ಕುಂತವರು ಭಾಳ ಮಂದಿ ಅದಾರ” ಎಂದರು. ಅಪ್ಪಾ, ತಾವು ಮನೆಯಲ್ಲೇ ವಿಧಿಸಿದ ಶಿಕ್ಷೆಯೂ ಜಾರಿಯಲ್ಲಿದೆ. ದೀಪಾವಳಿ ತನಕ ಫೋನಿಲ್ಲ, ಬರೀ ಚೀಟಿ. “ಫೋನಿನ್ಯಾಗ ನಿಮ್ಮವ್ವನ ದನಿ ಕೇಳ್ತಿ, ಅಳ್ತಿ, ಮರುದಿನ ಬಾಗಲದಾಗ ನಿಂತಿರ್ತಿ” ಎಂದಿರಲ್ಲ, ಅದು ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ.

ಮನೆಗೆ ಓಡಿ ಬಂದ ಆ ವಾರ ನಾನು ಕಳೆದುಕೊಂಡದ್ದು ಫಿಸಿಕ್ಸಿನ ಎರಡು ಪಾಠ ಮಾತ್ರ. ಹೋದದ್ದು ಹೋಗಲಿ ಎಂದುಕೊಂಡೆ. ಈಗ ಫಿಸಿಕ್ಸಿನ ಮುಬಿನ ಮೇಡಂ ನಮ್ಮ ಕೈಗೆ ದಪ್ಪ ಅಳೆಯುವ ಸ್ಕ್ರೂಗೇಜ್ ಕೊಟ್ಟಿದ್ದಾರೆ. ನೀವು ಗಿರಣಿಯ ಕಲ್ಲು ಬಿಗಿ ಮಾಡಲು ತಿರುವುತ್ತೀರಲ್ಲ, ಆ ತಿರುಪಿನ ಮರಿ ಇದು. ಇದರ ತಲೆಯನ್ನು ಒಂದು ಸುತ್ತು ತಿರುವಿದರೆ ಬಾಯಿ ಒಂದು ಮಿಲಿಮೀಟರು ಮುಚ್ಚುತ್ತದೆ. ಆ ಸುತ್ತನ್ನು ನೂರು ಗೆರೆಗಳಾಗಿ ಹಂಚಿದ್ದಾರೆ. ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲನ್ನೂ ಹಿಡಿಯಬಹುದು. ಹಿಡಿದದ್ದು ಸಾಕು ಎನ್ನುವಾಗ ಹಿಂದಿನ ಸಣ್ಣ ತಿರುವು ಗುಂಡಿ ಟಿಕ್ ಟಿಕ್ ಎನ್ನುತ್ತದೆ. ಇನ್ನೂ ಬಿಗಿ ಮಾಡಿದರೆ ಮೇಡಂ ಟಿಕ್ ಟಿಕ್ ಎನ್ನುತ್ತಾರೆ.

ಎಲ್ಲರೂ ತಂತಿ ಅಳೆದರು. ನಾನು ಅವ್ವನ ಖಡಕ್ ರೊಟ್ಟಿ ಅಳೆದೆ. ನನ್ನ ಪಕ್ಕದ ಹಾಸಿಗೆಯವಳಾದ ಮುದ್ದೇಬಿಹಾಳದ ಸಿದ್ದೀಕಾಳ ಮೂರನೆಯ ನಂಬರಿನ ಡಬ್ಬಿಯ ಗೇಜು ಎರವಲು ಪಡೆದು, ಬಸ್ಸಿನಲ್ಲಿ ಮುರಿದು ಬಂದ ಚೂರುಗಳನ್ನು ಹಿಡಿದು ನೋಡಿದೆ. ಅಂಚಿಗೂ ನಡುವಿಗೂ ಹೆಚ್ಚುಕಡಿಮೆ ಇಲ್ಲ. ಸರಾಸರಿ ೧.೧೦ ಮಿಲಿಮೀಟರು. ಇದನ್ನು ಅವ್ವನಿಗೆ ಓದಿ ಹೇಳಿ.

ಇನ್ನೊಂದು ಕಟ್ಟಳೆ. ನಿಮ್ಮ ಪ್ರತಿ ಚೀಟಿಯ ಕೊನೆಗೆ ಅವ್ವ ತನ್ನ ಕೈಯಾರೆ ಎರಡು ಸಾಲು ಬರೆಯಬೇಕು. ಬಾಲ ಮುರಿದ ಇಲಿಯಂಥ ಆಕೆಯ ‘ಕ’ ನೋಡಿದರೆ ನನಗೆ ನಿದ್ದೆ ಬರುತ್ತದೆ.

ತಮ್ಮ ಆಜ್ಞಾಧಾರಕಿ,
ಕಾವೇರಿ


ತಾಂಬಾ
೨೭ ಜುಲೈ

ಕಾವೇರವ್ವಗ ಆಶೀರ್ವಾದ.

ಚೀಟಿ ಮುಟ್ಟಿತು. ಮೊದಲನೇ ಪುಟ ತುಂಬ ನನ್ನ ಹೆಸರ ಐತಿ, ಹಾಳಿ ದಂಡ ಮಾಡಬ್ಯಾಡ. ರೊಟ್ಟಿ ಅಳಿಯಾಕ ಅಲ್ಲ, ತಿನ್ನಾಕ ಕಳಸ್ತೇವಿ. ಆದರೂ ನಿಮ್ಮವ್ವಗ ಓದಿ ಹೇಳಿದೆ. ಆಕಿ ಅವತ್ತಿಂದ ಓಣಿ ತುಂಬ ಒಂದು ಪಾಯಿಂಟ್ ಒಂದು ಅನಕೋತ ಅಡ್ಡಾಡಾಕತ್ತಾಳ. ಏನು ಅಂತ ಕೇಳಿದವರಿಗೆ ಹೇಳಾಕ ಬರಂಗಿಲ್ಲ.

ಪಂಚಮಿಗೆ ಕರೀಲಿಲ್ಲ ಅಂತ ಸಿಟ್ಟಾಗಬ್ಯಾಡ. ಬಂದರ ಮತ್ತ ಹೋಗಂಗಿಲ್ಲ ನೀ. ಕಂಡಕ್ಟರ್ ಚೇತನಕುಮಾರನ ಕೈಯಾಗ ರೊಟ್ಟಿ ಗಂಟಿನ ಜೋಡಿ ಉಂಡಿ ಡಬ್ಬಿ ಕೊಟ್ಟೇನಿ. ಸಿಂದಗ್ಯಾಗ ಅವ ಬಸ್ ಬದಲಿಸಿ ಕೊಡ್ತಾನ. ಚಂದ ಓದು.

ಗುರಣ್ಣ

ಕಾವೇರಿ, ಉಂಡಿ ಒಮ್ಮೆಗೇ ತಿನ್ನಬ್ಯಾಡ, ಗೆಳತ್ಯಾರಿಗೂ ಕೊಡು. ಪಂಚಮಿಗೆ ನೀ ಇಲ್ಲ. ನಿನ್ನ ಪಾಲಿನ ಜೋಕಾಲಿ ನಾನಾ ಜೀಕ್ತೇನಿ.
ಅವ್ವ


ಬಸವನ ಬಾಗೇವಾಡಿ
೩ ಆಗಸ್ಟ್, ರವಿವಾರ

ಉಂಡಿ ದಾನಶೂರ, ಹಾಳೆ ಮಿತವ್ಯಯಿ, ಇತ್ಯಾದಿ ಇತ್ಯಾದಿ ಗುರಣ್ಣನವರಿಗೆ,

ಉಂಡಿ ಮುಟ್ಟಿದವು. ಅವ್ವ ಹೇಳಿದಂತೆ ಒಮ್ಮೆಗೇ ತಿನ್ನಲಿಲ್ಲ, ಎರಡು ಸಲ ಕುಳಿತು ಮುಗಿಸಿದೆವು. ಪಂಚಮಿ ದಿನ ಸಂಜೆ ಇಲ್ಲಿಯ ಹುಡುಗಿಯರೆಲ್ಲ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದೆವು. ಯಾರೂ ಅಳಲಿಲ್ಲ. ಅತ್ತವರು ಯಾರೆಂದು ಹೇಳುವುದಿಲ್ಲ.

ಈಗ ವಿಜ್ಞಾನ ವಾರ್ತೆ. ಪ್ರಯೋಗಾಲಯದ ಕಪಾಟಿನ ಕಟ್ಟಕಡೆಯ ಮೂಲೆಯಲ್ಲಿ ಏಳನೆಯ ನಂಬರಿನ ಡಬ್ಬಿಯೊಂದು ಧೂಳು ತಿನ್ನುತ್ತ ಕುಳಿತಿತ್ತು. ಅದನ್ನು ಯಾರೂ ಮುಟ್ಟುವುದಿಲ್ಲ. ಮುಚ್ಚಳದ ಮೇಲೆ ಕೆಂಪು ಅಕ್ಷರದಲ್ಲಿ ‘ಶೂನ್ಯ ದೋಷ’ ಎಂದು ಬರೆದಿದೆ. ಅಪ್ಪಾ, ಯೋಚನೆ ಮಾಡಿ. ಉಳಿದ ಯಾವ ಡಬ್ಬಿಯ ಮೇಲೂ ಈ ಬಿರುದಿಲ್ಲ. ದೋಷ ಶೂನ್ಯವಾದ, ನಿಷ್ಕಳಂಕ, ಪರಮಪವಿತ್ರ ಗೇಜು ಇಡೀ ಕಾಲೇಜಿಗೆ ಇದೊಂದೇ. ಚಂದನದ ಸೋಪನ್ನು ಅತಿಥಿಗಳಿಗೆಂದು ಅವ್ವ ಎತ್ತಿಡುವುದಿಲ್ಲವೆ, ಹಾಗೆ ಇದನ್ನೂ ಎತ್ತಿಟ್ಟಿರಬೇಕು. ನಾನು ಒರೆಸಿ, ಹಣೆಗೆ ಒತ್ತಿಕೊಂಡು, ಇನ್ನು ಮುಂದೆ ಇದೇ ನನ್ನದೆಂದು ಘೋಷಿಸಿದೆ. ಯಾರೂ ಜಗಳಕ್ಕೆ ಬರಲಿಲ್ಲ. ನನ್ನ ತೇಜಸ್ಸಿಗೆ ಅಂಜಿದರೆಂದು ಕಾಣುತ್ತದೆ.

ನನ್ನ ಕೂದಲನ್ನು ಮೊದಲೇ ಸಿದ್ದೀಕಾಳ ಗೇಜಿನಲ್ಲಿ ಅಳೆದಿದ್ದೆವು, ೦.೦೭. ಈ ಪವಿತ್ರ ಗೇಜಿನಲ್ಲಿ ಅವಳ ಕೂದಲು ಅಳೆದರೆ ೦.೩೮ ಬಂತು. “ಇದು ಕೂದಲಲ್ಲವ್ವ, ಬಾವಿ ಹಗ್ಗ” ಎಂದು ತೀರ್ಪು ಕೊಟ್ಟೆ. “ನಿನ್ನ ನಾಲಿಗಿ ಅಳಿ, ಗೇಜು ಸಾಲಂಗಿಲ್ಲ” ಎಂದು ಹೋದವಳು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.

ಅವ್ವ ನನ್ನ ಪಾಲಿನ ಜೋಕಾಲಿ ಎಷ್ಟು ಎತ್ತರ ಜೀಕಿದಳು? ಆಕೆಯ ಕೈಯಿಂದಲೇ ಉತ್ತರ ಬರಬೇಕು.

ಕಾವೇರಿ


ತಾಂಬಾ
೧೦ ಆಗಸ್ಟ್

ಕಾವೇರಿಗೆ,

ನಾವೆಲ್ಲ ಆರಾಮ ಅದೀವಿ. ನಿಮ್ಮವ್ವ ಜೋಕಾಲಿ ಚಂದ ಆಡಿದಳು. ಆಕಿಗೆ ಕೆಲಸ ಭಾಳ ಐತಿ, ಅದಕ್ಕ ಈ ಸಲ ಬರದಿಲ್ಲ. ರೊಟ್ಟಿ ಕಳಸೇನಿ. ಮಳಿ ಹೋದ ವಾರ ಬಂತು. ಗೆಳತಿ ಜೋಡಿ ಜಗಳ ಮಾಡಬ್ಯಾಡ.

ಗುರಣ್ಣ


ಬಸವನ ಬಾಗೇವಾಡಿ
೧೭ ಆಗಸ್ಟ್, ರವಿವಾರ

ತಾಂಬಾ ಗಿರಣಿಯ ಮಾಲೀಕರಾದ ಗುರಣ್ಣ ಎಂಬುವವರಿಗೆ ಈ ಮೂಲಕ ತಿಳಿಯಪಡಿಸುವ ಕಾರಣ ಕೇಳಿ ನೋಟಿಸು.

ಈ ವಾರ ತಮ್ಮ ಮನೆಯಿಂದ ಬಂದ ಖಡಕ್ ರೊಟ್ಟಿಗಳನ್ನು ಸದರಿ ನಿರ್ದೋಷಿ ಗೇಜಿನಲ್ಲಿ ಪರೀಕ್ಷೆಗೆ ಒಳಪಡಿಸಲಾಗಿ, ಸರಾಸರಿ ದಪ್ಪ ೧.೪೨ ಮಿಲಿಮೀಟರು ಕಂಡುಬಂದಿದೆ. ಜುಲೈ ತಿಂಗಳಲ್ಲಿ ಇದು ೧.೧೦ ಇತ್ತು. ತಮ್ಮ ಧರ್ಮಪತ್ನಿಯಾದ ರೇವವ್ವ ಎಂಬ ಹೆಣ್ಣುಮಗಳ ಕೈ ಮೂವತ್ತೆರಡು ನೂರಾಂಶ ತಪ್ಪುವುದು ಸೂರ್ಯ ತೆಂಕಲಲ್ಲಿ ಹುಟ್ಟಿದ ಹಾಗೆ. ಆದ್ದರಿಂದ ತಪ್ಪು ಹಿಟ್ಟಿನದು. ಹಿಟ್ಟು ತರಿ ಬಿದ್ದರೆ ರೊಟ್ಟಿ ಹರಿಯುತ್ತದೆ, ಹರಿಯದಿರಲೆಂದು ದಪ್ಪ ಬಿಡಬೇಕಾಗುತ್ತದೆ. ತಮ್ಮ ಗಿರಣಿಯ ಕಲ್ಲು ಸವೆದಿವೆಯೆಂದೂ, ಉಳಿ ಹೊಡೆಸಿ ಹಲ್ಲು ಮೂಡಿಸದೆ ಹಾಗೇ ಬೀಸುತ್ತಿದ್ದೀರೆಂದೂ ಆರೋಪ. ಏಳು ದಿನದೊಳಗೆ ಉತ್ತರಿಸತಕ್ಕದ್ದು.

ಅಪ್ಪಾ, ಸಿಟ್ಟಾಗಬೇಡಿ. ಸಿಟ್ಟಾದರೂ ಅಡ್ಡಿಯಿಲ್ಲ, ನಾಲ್ಕು ಪುಟ ಬೈದು ಬರೆಯಿರಿ. ಹೋದ ಸಲದ ಚೀಟಿ ಬಹಳ ಚಿಕ್ಕದಿತ್ತು, ಓದಲು ಶುರು ಮಾಡುವುದರೊಳಗೆ ಮುಗಿದುಹೋಯಿತು. ಅವ್ವನ ಸಾಲೂ ಇರಲಿಲ್ಲ.

ಕಾವೇರಿ


ತಾಂಬಾ
೨೧ ಆಗಸ್ಟ್

ಕಾವೇರಿಗೆ,

ನೀ ಬರದದ್ದು ಖರೆ ಐತಿ. ಕಲ್ಲು ಸವದಾವ. ತಪ್ಪು ಗಿರಣೀದ. ನಿನ್ನಿ ಗಿರಣಿ ಬಂದ್ ಮಾಡಿ ಉಳಿ ಹೊಡಸೇನಿ. ಇನ್ನ ಮ್ಯಾಲ ಸರಿ ಆಗ್ತಾವ. ನಿಮ್ಮವ್ವ ಆರಾಮ ಅದಾಳ, ಬರಿಯಾಕ ಹೊತ್ತಿಲ್ಲ ಅಂದಾಳ.

ಗುರಣ್ಣ


ಬಸವನ ಬಾಗೇವಾಡಿ
೨೪ ಆಗಸ್ಟ್, ರವಿವಾರ

ಅಪ್ಪಾ,

ಈ ಸಲ ಬಿರುದುಗಳಿಲ್ಲ.

ಹೋದ ವರ್ಷ ಇಂಡಿಯಿಂದ ಬಂದ ಬೀಗರೊಬ್ಬರು ಹಿಟ್ಟು ಚಿಟಿಕೆ ಹಿಡಿದು ನೋಡಿ “ಸ್ವಲ್ಪ ತರಿ ಐತೇನೋ” ಎಂದದ್ದಕ್ಕೆ, ನೀವು ಅವರನ್ನು ಊಟದಿಂದ ಎಬ್ಬಿಸಿ ಗಿರಣಿಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ಇನ್ನೊಂದು ಸೇರು ಬೀಸಿ, ಅವರ ಧೋತರದ ಅಂಚಿನಲ್ಲಿ ಸೋಸಿ ತೋರಿಸಿದಿರಿ. ಪಾಪ, ಅವರು ಬಿಳಿ ಮೀಸೆ ಹೊತ್ತು ವಾಪಸು ಬಂದು ಊಟ ಮಾಡಿದರು. ಅಂಥ ಅಪ್ಪ ನನ್ನ ನೋಟಿಸು ಓದಿ “ತಪ್ಪು ಗಿರಣೀದ” ಎಂದು ಬರೆಯುತ್ತಾರೆಂದರೆ, ತಪ್ಪು ಗಿರಣಿಯದಲ್ಲ. ನೀವು ಗಿರಣಿಯನ್ನು ಅಡ್ಡ ನಿಲ್ಲಿಸಿ ಅದರ ಹಿಂದೆ ಏನನ್ನೋ ಮುಚ್ಚುತ್ತಿದ್ದೀರಿ.

ಅವ್ವನ ಸಾಲಿಲ್ಲದ ಚೀಟಿ ಇದು ಎರಡನೆಯದು. ಉಸಿರಾಡಲು ಹೊತ್ತಿಲ್ಲದ ಸುಗ್ಗಿಯಲ್ಲೂ ಬಾಗಿಲ ಮೇಲೆ ಸುಣ್ಣದಲ್ಲಿ ಹಾಲಿನ ಲೆಕ್ಕ ಬರೆಯುವ ಆಕೆಗೆ ಎರಡು ಸಾಲಿಗೆ ಹೊತ್ತಿಲ್ಲವೆ? ಆ ರೊಟ್ಟಿ ಬಡಿದ ಕೈ ಯಾರದು? ಅವ್ವನಿಗೆ ಏನಾಗಿದೆ?

ಚೇತನಕುಮಾರ ಅಣ್ಣನನ್ನು ಕೇಳಿದೆ. ಆತ ಟಿಕೆಟ್ ಮಶೀನು ನೋಡುತ್ತ “ನನಗೇನ ಕೇಳಬ್ಯಾಡವ್ವ, ನಾ ಬರೇ ಗಂಟು ಒಯ್ಯಾಂವ” ಎಂದ. ಏನೂ ಇಲ್ಲದಿದ್ದರೆ ಹಾಗೇಕೆ ಅನ್ನುತ್ತಿದ್ದ?

ನಾನು ಟ್ರಂಕು ಕಟ್ಟಿ ಇಟ್ಟಿದ್ದೇನೆ. ಗುರುವಾರದ ಗಂಟಿನಲ್ಲಿ ಅವ್ವನ ಕೈಬರಹ ಬರದಿದ್ದರೆ ಶುಕ್ರವಾರ ಬೆಳಗಿನ ಸಿಂದಗಿ ಬಸ್ಸು ಹತ್ತುತ್ತೇನೆ. ಸೀಟು ಹೋದರೆ ಹೋಗಲಿ. ನಾನು ತಮಾಷೆ ಮಾಡುತ್ತಿಲ್ಲ.

ಕಾವೇರಿ


ತಾಂಬಾ
೨೮ ಆಗಸ್ಟ್

ಕಾವೇರವ್ವ,

ಟ್ರಂಕು ಬಿಚ್ಚು. ಮೊದಲ ಬಿಚ್ಚು, ಆಮ್ಯಾಲ ಓದು.

ಪಂಚಮಿ ದಿನ ನಿಮ್ಮವ್ವ ಬೇವಿನ ಗಿಡದ ಜೋಕಾಲಿ ಹತ್ತಿದಳು. ಮಗಳ ಪಾಲಿಂದು ಅಂತ ಎಲ್ಲಾರಿಗೂ ಹೇಳಿ ನಿಂತು ಜೀಕಿದಳು. ಮೊದಲನೇ ಜೀಕು ಆಕಿದು, ಚಂದ ಹೋತು. ಎರಡನೇದ್ದು ನಿಂದು. ಹಗ್ಗ ಜಾರಿತು. ಬಲಗೈ ಊರಿ ಬಿದ್ದಳು, ಮಣಿಕಟ್ಟಿನ ಎಲುಬು ಸೀಳೈತಿ. ಇಂಡಿಗೆ ಕರಕೊಂಡು ಹೋಗಿ ಪ್ಲಾಸ್ಟರ್ ಹಾಕಿಸೇನಿ. ಡಾಕ್ಟರ್ ಆರು ವಾರ ಅಂದಾರ. ಬ್ಯಾನಿ ಈಗ ಇಲ್ಲ. ಬಾಯಿಗಂತೂ ಏನೂ ಆಗಿಲ್ಲ, ಅದು ನಿನಗ ಗೊತ್ತಿದ್ದದ್ದ.

ನಿನಗ ತಿಳಿಸಿದರ ಓಡಿ ಬರ್ತಿ, ಸೀಟು ಹೋಗ್ತದ ಅಂತ ಇಬ್ಬರೂ ಕೂಡೇ ಮುಚ್ಚಿಟ್ಟಿವಿ. ಚೇತನಕುಮಾರಗ ಆಣಿ ಹಾಕಿಸಿದ್ದೆ. ಓಣ್ಯಾಗ ಯಾರಿಗರೆ ರೊಟ್ಟಿ ಬಡದು ಕೊಡ್ರಿ ಅಂದಿದ್ದರ ಕೊಡತಿದ್ದರು. ಆದರ ನಿಮ್ಮವ್ವ, ಬ್ಯಾರೆ ಮನಿ ರೊಟ್ಟಿ ತಿಂದರ ಹುಡಿಗಿಗೆ ಗೊತ್ತಾಗ್ತದ, ನೀವ ಬಡೀರಿ ಅಂದಳು. ನಾ ಬಡದೆ.

ನಗಬ್ಯಾಡ. ಮೊದಲನೇ ದಿನದ್ದು ಎಮ್ಮಿ ಸುದ್ದಾ ಮೂಸಿ ನೋಡಿ ಮುಖ ತಿರುವಿತು. ನಿಮ್ಮವ್ವ ಬಾಜೂ ಕುಂತು, ಅಂಚು ಒತ್ರಿ, ಕೈ ತೋಯಿಸ್ಕೋರಿ, ಅದು ರೊಟ್ಟಿ, ರಾಶಿ ಒಕ್ಕೂ ಹಂತಿ ಕಲ್ಲಲ್ಲ ಅಂತ ಒಂದ ಸಮ ಹೇಳಾಕತ್ತಿದ್ದಳು. ಇಪ್ಪತ್ತು ವರ್ಷ ಊರಿಗೆಲ್ಲ ಹಿಟ್ಟು ಬೀಸಿ ಕೊಟ್ಟೇನಿ, ಆ ಹಿಟ್ಟು ಮುಂದ ಏನೇನ ಕಷ್ಟ ಕೊಡ್ತದ ಅನ್ನೂದು ಈಗ ಗೊತ್ತಾತು. ಹತ್ತು ಬಡದರ ಎರಡು ಚಲೋ ಆಗ್ತಿದ್ದವು. ಆ ಎರಡು ನಿನ್ನ ಗಂಟಿಗೆ, ಉಳಿದದ್ದು ನಮಗ, ಎಮ್ಮಿಗೆ. ಕೈ ಎರಡು ಕಡೆ ಸುಟ್ಟೈತಿ, ಅದನ್ನ ಬರೀಬಾರದು ಅಂದಿದ್ದೆ, ಬರದೆ.

ನಿನ್ನ ನೋಟಿಸು ಬಂದಾಗ ನನ್ನ ರೊಟ್ಟಿ ದಪ್ಪ ಐತಿ ಅಂತ ಒಪ್ಪಿದರ ನೀ ಯಾಕ ಅಂತ ಕೇಳ್ತಿದ್ದಿ. ಗಿರಣಿ ಮ್ಯಾಲ ಹಾಕಿದೆ. ಸುಳ್ಳಿಗೆ ಸಾಕ್ಷಿ ಇರಲಿ ಅಂತ ಖರೇನ ಉಳಿ ಹೊಡಸಿದೆ. ಹೊಡಿಯಾಂವ, ಕಲ್ಲು ಚಲೋ ಅದಾವಲ್ಲ ಗುರಣ್ಣ, ತಲಿ ಕೆಟ್ಟೈತೇನು ಅಂದ. ಮತ್ತ ನಿಮ್ಮವ್ವ ಆವತ್ತಿಂದ ನನ್ನ ಹೆಸರ ಹಿಡದು ಕರಿಯೂದು ಬಿಟ್ಟಾಳ. ಏ ಒಂದು ಪಾಯಿಂಟ್ ನಾಲ್ಕೆರಡು, ಚಾ ತರ್ರಿ ಅಂತಾಳ. ಆಕಿ ಒಂದು ಪಾಯಿಂಟ್ ಒಂದು ಅಲ್ಲೇನ, ಸೊಕ್ಕು ಬಂದೈತಿ.

ನೀ ಅಲ್ಲೇ ಇರು. ನೀ ಅಲ್ಲಿ ಇರಲಿ ಅಂತ ನಾ ಒಲಿ ಮುಂದ ಕುಂತೇನಿ. ಬಂದರ ಅದೆಲ್ಲ ನೀರಾಗ ಹೋಗ್ತದ.

ಗುರಣ್ಣ

ಕಾವೆರಿ ಬರಬ್ಯಾಡ. ಎಡಗೈ ಇದು. ನಗು.
ಅವ್ವ


ಬಸವನ ಬಾಗೇವಾಡಿ
೧೪ ಸೆಪ್ಟೆಂಬರ್, ರವಿವಾರ

ಎಡಗೈ ಲಿಪಿ ಪ್ರವೀಣೆ, ಪರಪಾಲಿನ ಜೋಕಾಲಿ ವೀರವನಿತೆ ರೇವವ್ವನವರಿಗೂ, ಉಭಯ ಸ್ಥಾನ ದಗ್ಧಹಸ್ತ, ಎಮ್ಮೆ ತಿರಸ್ಕೃತ, ಖಡಕ್ ರೊಟ್ಟಿ ಕಂಠೀರವ ಗುರಣ್ಣನವರಿಗೂ, ಟ್ರಂಕು ಬಿಚ್ಚಿದ ಕಾವೇರಿಯ ಅನಂತ ನಮಸ್ಕಾರಗಳು.

ಹದಿನೈದು ದಿನ ಬರೆಯಲಿಲ್ಲ. ಹಾಳೆ ಮುಂದಿಟ್ಟುಕೊಂಡಾಗಲೆಲ್ಲ ಬಿರುದು ಹೊಳೆಯುತ್ತಿರಲಿಲ್ಲ.

ಅವತ್ತು ಚೀಟಿಯ ಕೊನೆಗೆ ಬಂದಾಗ ಅವ್ವನ ‘ಕ’ ಈ ಸಲ ಬೇರೆ ಕಡೆಗೆ ಬಾಲ ತಿರುವಿತ್ತು. ಹೇಳಿದ ಹಾಗೆ ನಕ್ಕೆ. ನಗುವಾಗ ಕಣ್ಣಲ್ಲಿ ನೀರು ಬರುವುದು ಶರೀರದ ಸಹಜ ಕ್ರಿಯೆ, ಬಯಾಲಜಿ ಪುಸ್ತಕದಲ್ಲಿ ನೋಡುತ್ತೇನೆ. ಆಮೇಲೆ ಟ್ರಂಕು ಬಿಚ್ಚಿ, ನಿಮ್ಮ ಚೀಟಿ ಹಿಡಿದುಕೊಂಡು, ಹುಟ್ಟಿದ ಮೇಲೆ ಮೊದಲ ಬಾರಿಗೆ ಸರಿಯಾದ ದಾರಿಯಲ್ಲಿ ಜಾನಕಿಬಾಯಿಯವರ ಕೋಣೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಎಮ್ಮೆ ಮುಖ ತಿರುವಿದಲ್ಲಿ ನಿಂತರು. ಕನ್ನಡಕ ತೆಗೆದು ಒರೆಸಿಕೊಂಡು, “ಆ ರೊಟ್ಟಿ ಒಂದು ಕೊಡು ನೋಡೋಣು” ಎಂದರು. ತಿಂದು, ಆಫೀಸಿನ ಫೋನು ನನ್ನ ಕಡೆ ತಳ್ಳಿದರು. “ಐದು ನಿಮಿಷ. ನಿಮ್ಮಪ್ಪನ ಕಾಯ್ದೆ ನಾ ಮುರೀತೇನಿ, ಹಾಸ್ಟೆಲ್ ಕಾಯ್ದೆ ನೀ ಮುರೀಬ್ಯಾಡ.” ಆ ಐದರಲ್ಲಿ ನಾಲ್ಕು ನಿಮಿಷ ಅವ್ವ ನನ್ನನ್ನು ಬೈದದ್ದು ನಿಮಗೆ ಗೊತ್ತೇ ಇದೆ. ಅಷ್ಟು ಚಂದದ ಬೈಗುಳ ನಾನು ಈ ಊರಲ್ಲಿ ಕೇಳಿಲ್ಲ.

ಅಪ್ಪಾ, ಹಾಸ್ಟೆಲ್ಲಿಗೆ ಬಿಟ್ಟ ದಿನ ನೀವು ಮಾತಾಡಲಿಲ್ಲವೆಂದು ನಾನು ಬಹಳ ದಿನ ಸಿಟ್ಟು ಇಟ್ಟುಕೊಂಡಿದ್ದೆ. ಬೆನ್ನ ಮೇಲಿನ ಹಿಟ್ಟಿನ ಕೈ ಗುರುತನ್ನು ಸೋಪು ಹಚ್ಚಿ ತೊಳೆದೆ. ಈಗ ಆ ಅಂಗಿ ಟ್ರಂಕಿನ ತಳದಲ್ಲಿದೆ, ಗುರುತಿಲ್ಲ. ತೊಳೆಯಬಾರದಿತ್ತು ಎನಿಸುತ್ತದೆ. ನೀವು ಸುಟ್ಟುಕೊಂಡ ಕೈಗೆ, ಸುಮ್ಮಸುಮ್ಮನೆ ಉಳಿ ಹೊಡೆಸಿಕೊಂಡ ಕಲ್ಲಿಗೆ, ನನ್ನ ಪಾಲಿನ ಎರಡನೆಯ ಜೀಕಿಗೆ ನಾನು ಋಣಿ. ಇದನ್ನು ಗಂಭೀರವಾಗಿಯೇ ಬರೆಯುತ್ತಿದ್ದೇನೆ. ನಂಬಿ, ಮತ್ತೆ ಮತ್ತೆ ಬರೆಯುವುದಿಲ್ಲ.

ಪ್ಲಾಸ್ಟರ್ ಬಿಚ್ಚಿದ್ದು ಚೇತನಕುಮಾರ ಅಣ್ಣನಿಂದ ಕೇಳಿ ಸಿದ್ದೀಕಾ ಕೂಡ ಸಕ್ಕರೆ ಹಂಚಿದಳು. ಆದರೂ ಆರಾಮಾಗುವ ತನಕ ಅವ್ವ ರೊಟ್ಟಿ ಬಡಿಯಕೂಡದು. ಹೋದ ವಾರ ಬಂದದ್ದನ್ನೂ ಅಳೆದೆ, ೧.೪೦ ಬಂತು. ಎರಡು ನೂರಾಂಶ ಪ್ರಗತಿ. ಅವ್ವನನ್ನು ಮುಟ್ಟಲು ಇನ್ನು ಮೂವತ್ತು ಬಾಕಿ ಇದೆ.

ಧೈರ್ಯಗೆಡಬೇಡಿ. ದಸರಾ ರಜೆಗೆ ನಾನು ಬಂದು, ಜಾನಕಿಬಾಯಿಯವರ ಸಹಿ ಇರುವ ರಜಾ ಚೀಟಿ ತೋರಿಸಿ, ನಿಮ್ಮ ಪಕ್ಕ ಕುಳಿತು ಅಂಚು ಒತ್ತಿಕೊಡುತ್ತೇನೆ.

ಕಾವೇರಿ

ತಾ.ಕ.: ಇಲ್ಲಿಗೇ ಮಡಚಿದ್ದೆ. ಸಿದ್ದೀಕಾ ಬಿಚ್ಚಿಸಿದಳು. “ಅದನ್ನೂ ಬರಿ, ಇಲ್ಲಾಂದ್ರ ನಾನಾ ಬರೀತೇನಿ” ಎನ್ನುತ್ತಿದ್ದಾಳೆ.

ಮೊನ್ನೆ ಪ್ರಾಕ್ಟಿಕಲ್ ಟೆಸ್ಟಿಗೆ ನಾನು ಏಳನೆಯ ಡಬ್ಬಿ ಹೊತ್ತುಕೊಂಡು ಗತ್ತಿನಿಂದ ಹೋದೆ. ಮುಬಿನ ಮೇಡಂ, “ಅದನ್ನ ಯಾಕ ತಂದಿ? ಮ್ಯಾಲ ಕೆಂಪಗ ಬರದೇನಿ ಕಾಣಂಗಿಲ್ಲೇನು?” ಎಂದರು. “ಕಾಣ್ತದ್ರಿ ಮೇಡಂ. ಶೂನ್ಯ ದೋಷ. ಒಂದೂ ದೋಷ ಇಲ್ಲ” ಎಂದೆ. ಇಡೀ ಕ್ಲಾಸು ನಕ್ಕಿತು. ಮೇಡಂ ಗೇಜಿನ ಬಾಯಲ್ಲಿ ಏನೂ ಇಡದೆ ಸುಮ್ಮನೆ ಮುಚ್ಚಿ ತೋರಿಸಿದರು. ಸೊನ್ನೆಗೆ ನಿಲ್ಲಬೇಕಾದ ಗೆರೆ ಮೂವತ್ತೊಂದಕ್ಕೆ ನಿಂತಿತ್ತು, ಅಂದರೆ ೦.೩೧. “ಬಾಯಾಗ ಏನೂ ಇಲ್ಲದಾಗೂ ಇದು ಇಷ್ಟು ತೋರಸ್ತದ. ಇದಕ್ಕ ಶೂನ್ಯ ದೋಷ ಅಂತಾರ. ಅಳದದ್ರಾಗಿಂದ ಇದನ್ನ ಕಳೀಬೇಕು. ಇದನ್ನ ಹೇಳಿಕೊಟ್ಟ ವಾರ ನೀ ಎಲ್ಲಿದ್ದಿ?” ಎಂದರು.

“ತಾಂಬಾದಾಗ್ರಿ” ಎಂದೆ.

ಸಿದ್ದೀಕಾಳ ಕೂದಲಿನಿಂದ ಕಳೆದೆವು, ೦.೦೭, ನನ್ನದರಷ್ಟೇ. ಆಗಸ್ಟಿನ ನಿಮ್ಮ ರೊಟ್ಟಿಯಿಂದ ಕಳೆದೆವು, ೧.೧೧. ಅಂದರೆ ದಪ್ಪ ಆಗಿರಲೇ ಇಲ್ಲ ಅಪ್ಪಾ. ಇಲ್ಲದ ದಪ್ಪಕ್ಕೆ ನಾನು ನೋಟಿಸು ಕೊಟ್ಟೆ, ನೀವು ಕಲ್ಲಿಗೆ ಉಳಿ ಹೊಡೆಸಿದಿರಿ.

ಹೋದ ವಾರದ್ದರಿಂದಲೂ ಕಳೆದೆ. ೧.೦೯ ಉಳಿಯಿತು. ಅವ್ವನದು ೧.೧೦. ಇದೊಂದನ್ನು ಮಾತ್ರ ಆಕೆಯ ಮುಂದೆ ಓದಬೇಡಿ.